ಕತ್ತಿವರಸೆಗೊಂದು ಕಾಮೆಂಟ್ರಿ

ನಮ್ಮ ಕಡೆ ಜಾತ್ರೆ ಅಂದರೆ ಕುಸ್ತಿ, ಕುಸ್ತಿ ಅಂದರೆ ಮೈಕು. ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯ ಯಾವ ಊರಿನ ಕಣಕ್ಕೆ ಹೋದರೂ ಹಲಗಿಯ ಸದ್ದಿನ ಮೇಲೆ ಒಬ್ಬರ ದನಿ ಏರಿ ನಿಂತಿರುತ್ತದೆ. ಪೈಲವಾನ ಯಾವ ಊರಿನವನು, ಯಾವ ತಾಲೀಮಿನಲ್ಲಿ ಪಳಗಿದವನು, ಈಗ ಹಾಕಿದ್ದು ಢಾಕೋ ಘಿಸ್ಸೋ, ಕೆಳಗಿದ್ದವನು ಏಕಲಂಗಿಗೆ ಯಾಕೆ ಸಿಗಲಿಲ್ಲ, ಎಲ್ಲವನ್ನೂ ಆ ದನಿ ಬಿಡಿಸಿ ಹೇಳುತ್ತ ಹೋಗುತ್ತದೆ. ಕನ್ನಡದಲ್ಲಿ ಶುರುವಾದ ಮಾತು ಮರಾಠಿಯಲ್ಲಿ ಮುಗಿದರೂ ಕೂತವರಿಗೆ ತೊಡಕಿಲ್ಲ. ಒಮ್ಮೆಯೂ ಕೆಂಪು ಮಣ್ಣಿಗೆ ಇಳಿಯದವರು ಕೂಡ ನಮ್ಮೂರಲ್ಲಿ ಪಟ್ಟುಗಳ ಹೆಸರು ಹೇಳಬಲ್ಲರು. ಕಬ್ಬೂರಿನಲ್ಲಿ ಬೆಳೆದ ನನಗೂ ಕುಸ್ತಿ ನೋಡುವ ಕಣ್ಣು ಬಂದದ್ದು ಕಿವಿಯ ಮೂಲಕವೇ. ಕತ್ತಿವರಸೆ ನೋಡುವ ಕಣ್ಣೂ ಹಾಗೆಯೇ ಬಂತು, ಆದರೆ ಅದರ ಮೈಕು ಬಹಳ ದೂರದಲ್ಲಿತ್ತು.

ಯುರೋಪಿನ ಹಳೆಯ ಕತ್ತಿವಿದ್ಯೆಯನ್ನು ಮತ್ತೆ ಎಬ್ಬಿಸುತ್ತಿರುವ ದೊಡ್ಡ ಬಳಗವೊಂದಿದೆ. ಐದಾರು ನೂರು ವರ್ಷಗಳ ಹಿಂದಿನ ಗುರುಗಳು ಬರೆದಿಟ್ಟ ಹಸ್ತಪ್ರತಿಗಳನ್ನು ಓದಿ, ಅವುಗಳ ಚಿತ್ರ ನೋಡಿ, ಮೊಂಡ ಕತ್ತಿ ಹಿಡಿದು, ಜಾಳಿಗೆಯ ಮುಖವಾಡ, ದಪ್ಪ ಅಂಗಿ, ಕೈಗವಸು ತೊಟ್ಟು ಅವರು ನಿಜವಾಗಿಯೇ ಕಾದಾಡುತ್ತಾರೆ. ಅದನ್ನು ಚಿತ್ರೀಕರಿಸಿಕೊಳ್ಳುತ್ತಾರೆ. ಆಮೇಲೆ ಆಡಿದವರಲ್ಲೇ ಒಬ್ಬರು ವಿಡಿಯೊವನ್ನು ನಿಧಾನಕ್ಕೆ ಓಡಿಸಿ, ಬೇಕಾದಲ್ಲಿ ನಿಲ್ಲಿಸಿ, ಹಿಂದೆ ಸರಿಸಿ, ಅದರ ಮೇಲೆ ಮಾತು ಸೇರಿಸುತ್ತಾರೆ: ಇಲ್ಲಿ ನಾನು ಅರ್ಧ ಹೆಜ್ಜೆ ಒಳಗೆ ಬಂದೆ, ಅವನಿಗೆ ಗೊತ್ತಾಗಲಿಲ್ಲ, ಇಲ್ಲಿ ಅವನ ಮೊಣಕೈ ಎದ್ದಿತು, ಏಟು ಎತ್ತ ಬರುತ್ತದೆಂದು ನನಗೆ ತಿಳಿಯಿತು. ರಾತ್ರಿ ಊಟವಾದ ಮೇಲೆ ಮಾಳಿಗೆಯ ಮೇಲೆ ಕೂತು ಇವನ್ನು ನೋಡುವುದು ನನಗೆ ಬಿಡಲಾಗದ ರೂಢಿ. ಈ ರುಚಿ ಹತ್ತಿದ ಮೇಲೆ ಸಿನಿಮಾದ ಕತ್ತಿಕಾಳಗ ಸಪ್ಪೆಯಾಗುತ್ತದೆ. ಅಲ್ಲಿ ಇಬ್ಬರೂ ಒಬ್ಬರ ಕತ್ತಿಗೆ ಒಬ್ಬರು ಹೊಡೆಯುತ್ತ ನಿಲ್ಲುತ್ತಾರೆ, ಮೈಗೆ ಯಾರೂ ಗುರಿಯಿಡುವುದಿಲ್ಲ.

ಕುಸ್ತಿಗಾದರೂ ಕಣ್ಣಿಗೆ ಕೊಂಚ ಹೊತ್ತು ಸಿಗುತ್ತದೆ. ಹಿಡಿತ ಬಿಗಿಯಾಗುವುದು, ಸೊಂಟ ತಿರುಗುವುದು ಕಾಣುತ್ತದೆ. ಕತ್ತಿಯಲ್ಲಿ ಅಷ್ಟು ವ್ಯವಧಾನವಿಲ್ಲ. ಸಾಮಾನ್ಯ ವಿಡಿಯೊ ಸೆಕೆಂಡಿಗೆ 30 ಚಿತ್ರ ಹಿಡಿಯುತ್ತದೆ. ಚುರುಕಾದ ಒಂದು ಏಟಿಗೆ ಅರ್ಧ ಸೆಕೆಂಡೂ ಬೇಡ. ಅಂದರೆ ಹದಿನೈದು ಚಿತ್ರ ಸರಿಯುವುದರೊಳಗೆ ಎಲ್ಲ ಮುಗಿದಿರುತ್ತದೆ. ಪಕ್ಕದಲ್ಲಿ ಬಲ್ಲವರ ದನಿ ಇಲ್ಲದಿದ್ದರೆ ನೋಡುವವನಿಗೆ ಉಳಿಯುವುದು ಒಂದು ಠಣ್ ಸದ್ದು ಮಾತ್ರ.

ಒಂದು ವರಸೆಯನ್ನು ಹತ್ತಿರದಿಂದ ತೋರಿಸುತ್ತೇನೆ. ಇಬ್ಬರ ಬಲಗೈಯಲ್ಲೂ ಕತ್ತಿ, ಎಡಗೈಯಲ್ಲಿ ಗೇಣಿಗಿಂತ ತುಸು ಅಗಲದ ಗುರಾಣಿ, ಬಲಗಾಲು ಮುಂದೆ. ಮೊದಲನೆಯವನು ತಲೆಗೆ ಏಟು ಎತ್ತುತ್ತಾನೆ, ಎರಡನೆಯವನ ಗುರಾಣಿ ಮೇಲೇಳುತ್ತದೆ. ತಲೆಯ ಏಟು ಹುಸಿ. ಕತ್ತಿ ನಡುದಾರಿಯಲ್ಲೇ ತಿರುಗಿ ಎದುರಾಳಿಯ ಮುಂದಿನ ಮೊಣಕಾಲಿಗೆ ಇಳಿಯುತ್ತದೆ. ಅಷ್ಟರಲ್ಲಿ ಆ ಕಾಲು ಅಲ್ಲಿಲ್ಲ. ಕತ್ತಿ ಗಾಳಿ ಸೀಳುತ್ತದೆ, ಅದೇ ಗಳಿಗೆಗೆ ಮೊದಲನೆಯವನ ಮುಖವಾಡದ ಮೇಲೆ ಏಟು ಬಿದ್ದಿರುತ್ತದೆ. ಓಡುವ ವೇಗದಲ್ಲಿ ನೋಡಿದರೆ ಇದು ಅದೃಷ್ಟದಂತೆ ಕಾಣುತ್ತದೆ. ನಿರೂಪಕರು ಇಲ್ಲಿ ವಿಡಿಯೊ ನಿಲ್ಲಿಸುತ್ತಾರೆ. ತೋಳು ಅತಿ ದೂರ ಚಾಚುವುದು ಭುಜದ ಎತ್ತರದಲ್ಲಿ. ಕೈ ಕೆಳಗಿಳಿದಷ್ಟೂ ಅದರ ನಿಲುಕು ಕುಗ್ಗುತ್ತದೆ. ಮೊಣಕಾಲು ಮುಟ್ಟಬೇಕಾದರೆ ತಲೆ, ಭುಜ ಎರಡನ್ನೂ ಮುಂದೆ ಚಾಚಲೇಬೇಕು. ಕಾಲು ಹಿಂದೆಳೆದುಕೊಂಡವನಿಗೆ ಎದುರಾಳಿಯ ತಲೆ ತಾನಾಗಿ ನಿಲುಕಿಗೆ ಬರುತ್ತದೆ. ಓದುವವರು ಈಗಲೇ ಎದ್ದು ನೋಡಬಹುದು: ಗೋಡೆಯೆದುರು ನಿಂತು, ಭುಜದೆತ್ತರಕ್ಕೆ ಚಾಚಿದ ಬೆರಳು ಗೋಡೆಗೆ ಮುಟ್ಟುವಷ್ಟು ದೂರ ಇಟ್ಟುಕೊಳ್ಳಿ. ಬೆನ್ನು ಬಗ್ಗಿಸದೆ ಅದೇ ಕೈಯಿಂದ ಗೋಡೆಯ ಮೊಣಕಾಲೆತ್ತರದ ಜಾಗ ಮುಟ್ಟಲು ಹೋಗಿ, ಕೈ ಸಾಲದು.

ನಿರೂಪಕರು ಅಷ್ಟಕ್ಕೇ ಬಿಡುವುದಿಲ್ಲ. ಇನ್ನೂ ಹಿಂದಕ್ಕೆ ಹೋಗಿ ಎರಡು ಸಂಗತಿ ತೋರಿಸುತ್ತಾರೆ. ಎರಡನೆಯವನ ಗುರಾಣಿ ಎದ್ದದ್ದು ನಿಜ, ಆದರೆ ಹುಬ್ಬಿನವರೆಗೆ ಮಾತ್ರ. ಅದರ ಅಂಚಿನ ಕೆಳಗಿಂದ ಅವನ ಕಣ್ಣು ಕತ್ತಿಯನ್ನು ಹಿಂಬಾಲಿಸುತ್ತಿದೆ. ಜೊತೆಗೆ, ಹುಸಿ ಏಟು ತಿರುಗುವ ಮೊದಲೇ ಅವನ ಮೈಭಾರ ಹಿಂಗಾಲಿಗೆ ಸರಿದಿದೆ. ಈ ಎರಡು ಸಂಗತಿ ಕಂಡ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಮ್ಮ ಕಣ್ಣೆದುರೇ ಇದ್ದದ್ದು ಇನ್ನೊಬ್ಬರು ಹೇಳಿದ ಮೇಲೆ ಕಾಣಿಸಿತಲ್ಲ, ಆ ಸಂತೋಷ ದೊಡ್ಡದು.

ನೂರಾರು ವರ್ಷ ಹಿಂದಿನ ಗುರುಗಳಿಗೂ ಇದೇ ಹಂಬಲವಿತ್ತು. ಈಗ ಸಿಕ್ಕಿರುವ ಕತ್ತಿವಿದ್ಯೆಯ ಹಸ್ತಪ್ರತಿಗಳಲ್ಲಿ ಯುರೋಪಿನ ಅತಿ ಹಳೆಯದು 14ನೇ ಶತಮಾನದ ಮೊದಲ ಭಾಗದ್ದು, ಇಂಗ್ಲೆಂಡಿನ ಲೀಡ್ಸ್‌ ಊರಿನ ರಾಯಲ್ ಆರ್ಮರೀಸ್ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಒಬ್ಬ ಪಾದ್ರಿ ಗುರು, ಒಬ್ಬ ಶಿಷ್ಯ, ಇಬ್ಬರ ಕೈಯಲ್ಲೂ ಕತ್ತಿ ಮತ್ತು ಸಣ್ಣ ಗುರಾಣಿ. ಚಿತ್ರದ ಜೊತೆಗೇ ಲ್ಯಾಟಿನ್ ಮಾತುಗಳು, ಇವನು ಹೀಗೆ ಬಂದರೆ ನೀನು ಹೀಗೆ ನಿಲ್ಲು ಎಂದು. ಕೊನೆಯ ಪುಟಗಳಲ್ಲಿ ವಾಲ್‌ಪುರ್ಗಿಸ್ ಎಂಬ ಹೆಣ್ಣುಮಗಳೊಬ್ಬಳು ಪಾದ್ರಿಯ ಎದುರಿಗೆ ನಿಂತು ಆಡುತ್ತಾಳೆ. ಕಿತ್ತೂರು ಚನ್ನಮ್ಮ, ಬೆಳವಡಿ ಮಲ್ಲಮ್ಮರ ಜಿಲ್ಲೆಯವನಾದ ನನಗೆ ಆ ಪುಟಗಳು ತುಂಬ ಮೆಚ್ಚು. 1410ರ ಆಸುಪಾಸಿನಲ್ಲಿ ಇಟಲಿಯ ಫಿಯೋರೆ ದೇಯಿ ಲಿಬೆರಿ ಬರೆಸಿದ ಗ್ರಂಥದಲ್ಲಿ ಒಬ್ಬ ಮನುಷ್ಯನ ಸುತ್ತ ನಾಲ್ಕು ಪ್ರಾಣಿಗಳಿವೆ. ಅಂತರ ಅಳೆಯಲು ಕೈವಾರ ಹಿಡಿದ ಕಾಡುಬೆಕ್ಕು, ವೇಗಕ್ಕೆ ಹುಲಿ, ಎದೆಗಾರಿಕೆಗೆ ಸಿಂಹ, ಕಾಲ ಬಳಿ ಬೆನ್ನ ಮೇಲೆ ಗೋಪುರ ಹೊತ್ತ ಆನೆ. ಗೋಪುರ ಅಲುಗದಂತೆ ನಡೆಯುವುದೇ ಆನೆಯ ಗುಣ, ಕತ್ತಿಯವನಿಗೂ ಅದೇ ಬೇಕು. 1599ರಲ್ಲಿ ಪುಸ್ತಕ ಪ್ರಕಟಿಸಿದ ಇಂಗ್ಲೆಂಡಿನ ಜಾರ್ಜ್ ಸಿಲ್ವರ್ ಕೈ, ಮೈ, ಕಾಲುಗಳ ಸರದಿಯ ಬಗ್ಗೆ ತುಂಬ ಬಿಗಿ. ಮೊದಲು ಕೈ ಹೊರಡಬೇಕು, ಅದರ ಹಿಂದೆ ಮೈ, ಕಡೆಗೆ ಕಾಲು. ಕಾಲನ್ನು ಮುಂದೆ ಮಾಡಿ ಬರುವವನು ತಾನು ಬರುತ್ತಿರುವುದನ್ನು ಸಾರಿಕೊಂಡೇ ಬಂದಂತೆ. ಇವತ್ತಿನ ನಿರೂಪಕರು ವಿಡಿಯೊ ನಿಲ್ಲಿಸಿದಾಗಲೆಲ್ಲ ಹುಡುಕುವುದು ಈ ಸರದಿಯನ್ನೇ.

ಒಲಿಂಪಿಕ್ಸಿನ ಫೆನ್ಸಿಂಗ್ ಈ ಹಳೆಯ ಕತ್ತಿವಿದ್ಯೆಯ ಮಗಳು. ಟೋಕಿಯೋದಲ್ಲಿ ಭವಾನಿ ದೇವಿ ಭಾರತದ ಪರವಾಗಿ ಮೊಟ್ಟಮೊದಲ ಬಾರಿಗೆ ಸೇಬರ್ ಹಿಡಿದು ಇಳಿದು, ಮೊದಲ ಪಂದ್ಯವನ್ನು 15–3ರಿಂದ ಗೆದ್ದದ್ದನ್ನು ನೋಡಿ ನಾನು ಕುಣಿದಿದ್ದೆ. ಆದರೂ ನನ್ನ ಪ್ರೀತಿ ಹಳೆಯ ಬಗೆಯ ಆಟದ ಮೇಲೇ. ಫೆನ್ಸಿಂಗಿನಲ್ಲಿ ಏಟು ತಾಗಿ ದೀಪ ಹತ್ತಿದರೆ ಅಂಕ. ಇಲ್ಲಿ ಹೊಡೆದ ಮೇಲೆ ಹೊಡೆಸಿಕೊಳ್ಳದೆ ಹೊರಬರುವುದೂ ವಿದ್ಯೆಯ ಭಾಗ. ಇಬ್ಬರಿಗೂ ಏಟು ಬಿದ್ದರೆ ಇಬ್ಬರೂ ಸೋತರು.

ನಮ್ಮ ನಾಡಿಗೆ ಬರೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೇ ಶತಮಾನದ ಮಾನಸೋಲ್ಲಾಸದಲ್ಲಿ ಮಲ್ಲವಿನೋದ ಇರುವಂತೆ ಶಸ್ತ್ರವಿನೋದವೂ ಇದೆ, ಇಬ್ಬರು ವೀರರು ಕಾದುವ ಅಂಕವಿನೋದವೂ ಇದೆ. ಪೋರ್ಚುಗೀಸ್ ದುಆರ್ತೆ ಬಾರ್ಬೋಸ 16ನೇ ಶತಮಾನದ ಆರಂಭದ ಭಟ್ಕಳದ ಬಗ್ಗೆ ಬರೆಯುತ್ತ, ಅಲ್ಲಿನವರು ಸಣ್ಣ ಮಾತಿಗೂ ದ್ವಂದ್ವಕ್ಕೆ ಕರೆಯುತ್ತಿದ್ದರು, ಅರಸನೇ ಕಣ ಮತ್ತು ವೇಳೆ ಗೊತ್ತುಮಾಡಿ, ಇಬ್ಬರ ಆಯುಧವೂ ಒಂದೇ ಉದ್ದ ಇರುವಂತೆ ನೋಡುತ್ತಿದ್ದ ಎನ್ನುತ್ತಾನೆ. ಸೊಂಟದ ಮೇಲೆ ಬರಿಮೈ, ಕೈಯಲ್ಲಿ ಕತ್ತಿ, ಸಣ್ಣ ಗುರಾಣಿ, ಕಠಾರಿ. ಲೀಡ್ಸ್‌ನಲ್ಲಿರುವ ಪಾದ್ರಿಯ ಪುಸ್ತಕವನ್ನೂ ಭಟ್ಕಳದ ಈ ಕಣವನ್ನೂ ಒಟ್ಟಿಗೆ ನೆನೆದರೆ ನನಗೆ ರೋಮಾಂಚನವಾಗುತ್ತದೆ. ಕೃಷ್ಣದೇವರಾಯ ಬೆಳಗಾಗುವ ಮೊದಲು ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಆ ಎಣ್ಣೆ ಬೆವರಾಗಿ ಇಳಿಯುವವರೆಗೆ ಕತ್ತಿ ಬೀಸಿ, ಆಮೇಲೆ ಜಟ್ಟಿಯೊಂದಿಗೆ ಕುಸ್ತಿ ಹಿಡಿಯುತ್ತಿದ್ದನೆಂದು ಡೊಮಿಂಗೊ ಪಾಯಿಸ್ ಬರೆದಿದ್ದಾನೆ. ಈ ಪ್ರವಾಸಿಗರು ಕಣವನ್ನು ಕಟ್ಟಿಕೊಟ್ಟರು. ಮಣಿಕಟ್ಟು ಎತ್ತ ತಿರುಗಿತು, ಯಾವ ಹಿಮ್ಮಡಿ ಎದ್ದಿತು ಎಂಬುದು ಅವರ ಬರಹದಲ್ಲಿ ಸಿಗುವುದಿಲ್ಲ. ಅದಕ್ಕೆ ನಾನು ಮಜುಂದಾರರ ಸಂಪಾದಕತ್ವದಲ್ಲಿ 1950ರಲ್ಲಿ ಬರೋಡೆಯಿಂದ ಬಂದ ಭಾರತೀಯ ವ್ಯಾಯಾಮ ವಿಶ್ವಕೋಶದ ಮೊರೆ ಹೋಗುತ್ತೇನೆ. ಅದರಲ್ಲಿ ಲಾಠಿ, ಲೇಜಿಮುಗಳ ಜೊತೆಗೆ ಕೋಲು, ಕೈಗುರಾಣಿಗಳ ಆಟವಾದ ಫರಿ-ಗದಗಾದ ಪಾಠವೂ ಇದೆ.

ಯುರೋಪಿನ ಪಾಠವನ್ನು ಹಾಗೆಯೇ ನಮ್ಮ ತಲವಾರಿಗೆ ಇಳಿಸಲು ಬರುವುದಿಲ್ಲ, ಅದಕ್ಕೆ ಕಾರಣ ಹಿಡಿಯಲ್ಲಿದೆ. ತಲವಾರಿನ ಹಿಡಿಯ ತುದಿಗೆ ಒಂದು ದುಂಡನೆಯ ಲೋಹದ ಬಿಲ್ಲೆ ಇರುತ್ತದೆ. ಮುಷ್ಟಿ ಕೂರುವ ಜಾಗ ಇಕ್ಕಟ್ಟು. ಯುರೋಪಿನ ಸೇಬರಿನವರಂತೆ ತೋಳು ನೀಟಾಗಿ ಚಾಚಿ ಮೊನೆ ಮುಂದೆ ಮಾಡಲು ಹೋದರೆ ಬಿಲ್ಲೆಯ ಅಂಚು ಮಣಿಕಟ್ಟಿಗೆ ಒತ್ತುತ್ತದೆ. ಅದು ಕೈಗೆ ಇನ್ನೊಂದು ದಾರಿ ಕಲಿಸುತ್ತದೆ. ಮಣಿಕಟ್ಟು ಬಿಗಿಯಾಗಿರಲಿ, ಏಟು ಭುಜ ಮತ್ತು ಮೊಣಕೈಯಿಂದ ಬರಲಿ, ಅಲಗು ತಾಗಿದ ಕೂಡಲೇ ನಿನ್ನತ್ತ ಎಳೆ. ಇಂಥ ಕೊಯ್ತಕ್ಕೆ ಎದುರಾಳಿಗೆ ಇನ್ನೂ ಹತ್ತಿರ ಹೋಗಬೇಕು, ಹತ್ತಿರ ಹೋಗಲು ಗುರಾಣಿ ಬೇಕು. ಹಿಡಿ, ಹೆಜ್ಜೆ, ಗುರಾಣಿ ಒಂದರ ಕೈ ಒಂದು ಹಿಡಿದು ಬಂದಿವೆ. ದಖ್ಖನ್ನಿನಲ್ಲಿ ಫಿರಂಗಿ ಎಂಬ ಕತ್ತಿಯೂ ಇತ್ತು. ಅಲಗು ಯುರೋಪಿನದು, ಹಿಡಿ ನಮ್ಮದು. ಅದೇ ಉಕ್ಕಿಗೆ ಬೇರೆ ಹಿಡಿ ಬಿದ್ದಾಗ ಆಟವೇ ಬೇರೆಯಾಗುತ್ತದೆ. ಕುದುರೆಪಡೆಯ ಬಗ್ಗೆ 1853ರಲ್ಲಿ ಪುಸ್ತಕ ಬರೆದ ಕ್ಯಾಪ್ಟನ್ ನೋಲನ್, ನಿಜಾಮನ ಸವಾರರು ಬ್ರಿಟಿಷರು ಬಿಸಾಡಿದ ಹಳೆಯ ಅಲಗುಗಳನ್ನೇ ಕ್ಷೌರದ ಕತ್ತಿಯಷ್ಟು ಹರಿತ ಮಾಡಿ, ಕಟ್ಟಿಗೆಯ ಒರೆಯಲ್ಲಿಟ್ಟು ಬಳಸುತ್ತಿದ್ದುದನ್ನು ದಾಖಲಿಸಿದ್ದಾನೆ. ಏಟು ಹಾಕುವುದನ್ನು ಹೇಗೆ ಕಲಿಸುತ್ತೀರಿ ಎಂದು ಕೇಳಿದಾಗ ಒಬ್ಬ ಸವಾರ, ಹರಿತವಾದ ಕತ್ತಿ ಯಾರ ಕೈಯಲ್ಲಿದ್ದರೂ ಕಡಿಯುತ್ತದೆ ಎಂಬರ್ಥದ ಉತ್ತರ ಕೊಟ್ಟನಂತೆ. ಕಡಿಯುವ ಮಟ್ಟಿಗೆ ಆ ಮಾತು ಸರಿ. ಕಡಿಸಿಕೊಳ್ಳದೆ ಇರುವುದನ್ನು ಮಾತ್ರ ಕಲಿಯಲೇಬೇಕು.

ಆ ಕಲಿಕೆಗೆ ನಮಗೆ ಹತ್ತಿರದ ಬಾಗಿಲು ಕೊಲ್ಹಾಪುರದ ಮರ್ದಾನಿ ಖೇಳ. ಚಿಕ್ಕೋಡಿ, ನಿಪ್ಪಾಣಿ, ಕಾಗಲ್ ದಾಟಿದರೆ ಕೊಲ್ಹಾಪುರ. ಶಿವಜಯಂತಿಯ ಮೆರವಣಿಗೆಯಲ್ಲಿ ಬೆಳಗಾವಿಯಲ್ಲೂ ಅದನ್ನು ನೋಡಬಹುದು. ಮೊಣಕೈವರೆಗೆ ಲೋಹದ ಕವಚವಿರುವ ದಾಂಡಪಟ್ಟಾ ತೊಟ್ಟು, ಬಳುಕುವ ಅಲಗಿನಿಂದ ಲಿಂಬೆಹಣ್ಣು ಸೀಳುವುದನ್ನು ನೋಡಿ ಜನ ಸಿಳ್ಳೆ ಹಾಕುತ್ತಾರೆ. ನನ್ನ ಮನಸ್ಸು ಮಾತ್ರ ಅಷ್ಟು ಥಳುಕಿಲ್ಲದ ಫರಿ-ಗದಗಾದ ಮೇಲೆ. ಚರ್ಮ ಸುತ್ತಿದ ಕೋಲು ಗದಗಾ, ಕೈಗುರಾಣಿ ಫರಿ. ಮೆರವಣಿಗೆಯ ವರಸೆ ಮೊದಲೇ ಗೊತ್ತಾದದ್ದು. ಇಲ್ಲಿ ಎದುರಿನವನು ಏನು ಮಾಡುತ್ತಾನೋ ತಿಳಿಯದು, ಏಟು ಬಿದ್ದರೆ ಬಿದ್ದದ್ದೇ.

ನಿಪ್ಪಾಣಿ ಕಡೆಯ ವಸ್ತಾದರೊಬ್ಬರಿಗೆ ಆ ಯುರೋಪಿನ ವಿಡಿಯೊ ತೋರಿಸಿದೆ. ಅವರು ಫೋನಿನ ದನಿ ಆರಿಸಲು ಹೇಳಿ, ಕಣ್ಣು ಕಿರಿದು ಮಾಡಿ, ಎರಡು ಸಲ ನೋಡಿದರು.

“ಇಂವ ಛಲೋ ಅದಾನ. ಆದ್ರ ಅಂವಾ ಕಾಲ ಎಳಕೊಂಡಿದ್ದು ನೋಡ, ನೆಟ್ಟಗ ಹಿಂದ ಹೋತು. ನಮ್ಮ ಪವಿತ್ರಾ ಹೆಜ್ಜ್ಯಾಗ ಅಡ್ಡ ಹೋಗತೈತಿ.”

“ಅಡ್ಡ ಹೋದ್ರ ಏನ್ ಲಾಭ, ವಸ್ತಾದ್ರ?”

“ಎದುರಿನವ ಎರಡನೇ ಏಟಿಗೆ ಮತ್ತ ತಿರಗಬೇಕಾಗತೈತಿ. ತಿರಗೂದರಾಗ ನಿನ್ನ ಕೆಲಸಾ ಮುಗದಿರತೈತಿ.”

ಹೇಳಿ ಎದ್ದು ನಿಂತು, ಧೋತರದ ಅಂಚು ಸಿಕ್ಕಿಸಿ, ಆ ಹೆಜ್ಜೆ ಹಾಕಿ ತೋರಿಸಿದರು. ಹಿಮ್ಮಡಿ ಮೊದಲು ಎದ್ದಿತು, ಮುಂಗಾಲ ಬೆರಳಿನ ಮೇಲೆ ಮೈ ತಿರುಗಿತು, ಭುಜದ ಮಟ್ಟ ಒಂದಿಷ್ಟೂ ಏರಿಳಿಯಲಿಲ್ಲ. ಫಿಯೋರೆಯ ಆನೆ ನನ್ನೆದುರು ನಡೆದಂತಾಯಿತು.

ಕಬ್ಬೂರಿನಲ್ಲಿ ನನ್ನ ಜೋಡಿ ನನ್ನ ಸೋದರಳಿಯ. ಕಾಲೇಜು ಬಿಟ್ಟು ಬಂದವನೇ ಮನೆಯ ಹಿಂದಿನ ಬಯಲಿಗೆ ಗದಗಾ ತರುತ್ತಾನೆ. ಮುಖವಾಡವಿಲ್ಲದೆ ಆಟವಿಲ್ಲ ಎಂಬುದು ಮೊದಲ ಕಟ್ಟಳೆ. ಟ್ರ್ಯಾಕ್ಟರಿನ ಬಾನೆಟ್ಟಿಗೆ ಫೋನು ಆನಿಸಿ, ಸೆಕೆಂಡಿಗೆ 240 ಚಿತ್ರ ಹಿಡಿಯುವಂತೆ ಇಟ್ಟು ಆಡುತ್ತೇವೆ. ಆಮೇಲೆ ಕಟ್ಟೆಯ ಮೇಲೆ ಕೂತು ಕಾಮೆಂಟ್ರಿ. ಏಟು ತಿಂದವನೇ ಮೊದಲು ಮಾತಾಡಬೇಕು, ಚಿತ್ರದಲ್ಲಿ ಕಂಡದ್ದನ್ನು ಮಾತ್ರ ಹೇಳಬೇಕು. ಹೀಗೆ ಮಾಡಬೇಕೆಂದಿದ್ದೆ ಎಂಬ ಮಾತಿಗೆ ಜಾಗವಿಲ್ಲ. ಆಟಕ್ಕಿಂತ ಈ ಹೊತ್ತೇ ನನಗೆ ಹೆಚ್ಚು ಪ್ರಿಯ.

“ಮಾಮಾ, ಇಲ್ಲಿ ನಿಲ್ಲಸ್ರಿ. ನಿಮ್ಮ ಭುಜಾ ನೋಡ್ರಿ, ಕೈಗಿಂತ ಮೊದ್ಲ ಎದ್ದೈತಿ. ಪಕ್ಕಡಿಗೆ ಬರ್ತದ ಅಂತ ನನಗ ಅಲ್ಲೇ ಗೊತ್ತಾತು.”

“ಆದ್ರೂ ನಿನಗ ಬಿತ್ತಲ್ಲೋ.”

“ಬಿತ್ತು. ಫರಿ ಇಳಸೂದು ತಡಾ ಆತು. ಮುಂದ ಹೋಗ್ರಿ, ಹಾಂ, ಇಲ್ಲಿ.”

ಈಗ ನಮ್ಮಿಬ್ಬರ ನಡುವೆ ಒಂದು ವಾದ ನಡೆದಿದೆ. ಪಾದ್ರಿಯ ಹಸ್ತಪ್ರತಿಯಲ್ಲಿ ಗುರಾಣಿ ಕತ್ತಿ ಹಿಡಿದ ಮುಷ್ಟಿಯ ಪಕ್ಕಕ್ಕೇ ಅಂಟಿಕೊಂಡು ಮುಂದೆ ಹೋಗುತ್ತದೆ, ಬಲಗೈಯನ್ನು ಕಾಯುತ್ತದೆ. ವಸ್ತಾದರ ಫರಿ ಎದೆಯ ಹತ್ತಿರವೇ ಇದ್ದು, ಬೇಕಾದಾಗ ಮಾತ್ರ ಹೊರಬರುತ್ತದೆ. ನೇರವಾದ ಉದ್ದಗತ್ತಿಗೆ ಒಂದು, ಹತ್ತಿರ ಹೋಗಿ ಎಳೆದು ಕೊಯ್ಯುವ ಬಾಗಿದ ಅಲಗಿಗೆ ಇನ್ನೊಂದು ಎಂದು ನಾನು. ಗದಗಾ ನೆಟ್ಟಗಿನ ಕೋಲು, ಅದಕ್ಕೆ ಪಾದ್ರಿಯ ಬಗೆಯೇ ಒಪ್ಪುತ್ತದೆ ಎಂದು ಅವನು. ಬರುವ ಭಾನುವಾರ ಎರಡು ಫೋನು ಇಡುತ್ತೇವೆ, ಒಂದು ಪಕ್ಕಕ್ಕೆ, ಇನ್ನೊಂದು ಅಳಿಯನ ಬೆನ್ನ ಹಿಂದೆ. ವಸ್ತಾದರೂ ಬರುತ್ತೇನೆಂದು ಒಪ್ಪಿದ್ದಾರೆ, ಕಾಮೆಂಟ್ರಿ ಅವರದು.