ಭಾರ ಹೊರದ ಕಂಬಗಳು

ಕಲೋನ್‌ನಿಂದ ಆಖೆನ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಜರ್ಮನಿಯ ಈ ಗಡಿಯೂರಿಗೆ ಜನ ಬಿಸಿನೀರಿನ ಬುಗ್ಗೆಗಾಗಿ ಬರುತ್ತಾರೆ. ನಾನು ಹೋದದ್ದು ಕಂಬ ನೋಡಲು. ಶಾರ್ಲಮೇನ್ ದೊರೆ ಎಂಟನೆಯ ಶತಮಾನದ ಕೊನೆಗೆ ಕಟ್ಟಿಸಿದ ಎಂಟು ಮೂಲೆಯ ಗುಡಿ ಇಂದು ಅಲ್ಲಿನ ಕೆಥೆಡ್ರಲ್ಲಿನ ನಡುಭಾಗ. ಒಳಗೆ ನಿಂತು ಕತ್ತೆತ್ತಿದರೆ ಮೇಲಂತಸ್ತಿನ ಕಮಾನುಗಳಲ್ಲಿ ಗ್ರಾನೈಟು, ಅಮೃತಶಿಲೆ, ಪಾರ್ಫಿರಿ, ಹೀಗೆ ಒಂದಕ್ಕೊಂದು ಬಣ್ಣ ಹೊಂದದ ಕಂಬಗಳು.

ಬೇರೆಲ್ಲೂ ಸಿಗದ ಕಾರಣ ರೋಮ್ ಮತ್ತು ರಾವೆನ್ನಾದಿಂದ ಕಂಬ ತರಿಸಿದರೆಂದು ದೊರೆಯ ಚರಿತ್ರೆ ಬರೆದ ಐನ್‌ಹಾರ್ಡ್ ಹೇಳುತ್ತಾನೆ. 787ರ ಸುಮಾರಿಗೆ ಪೋಪ್ ಒಂದನೆಯ ಹೇಡ್ರಿಯನ್ ಬರೆದ ಕಾಗದವೊಂದು ಉಳಿದಿದೆ: ರಾವೆನ್ನಾ ಅರಮನೆಯ ಮೊಸಾಯಿಕ್, ಅಮೃತಶಿಲೆ, ನೆಲದ್ದಾಗಲಿ ಗೋಡೆಯದ್ದಾಗಲಿ, ಕಿತ್ತೊಯ್ಯಬಹುದು. ಅದೇ ಕಾಗದದಲ್ಲಿ ಕುದುರೆಯ ಮಾತೂ ಬರುತ್ತದೆ. ದೊರೆ ಕಳಿಸಿದ ಎರಡರಲ್ಲಿ ಒಂದು ದಾರಿಯಲ್ಲೇ ಸತ್ತಿತಂತೆ. ಇನ್ನೂ ಒಳ್ಳೆಯ ಕುದುರೆಗಳನ್ನು ಕಳಿಸಿರೆಂದು ಪೋಪರ ಕೋರಿಕೆ. ಇಬ್ಬರೂ ಇದನ್ನು ಕಾಣಿಕೆಯೆಂದೇ ಕರೆದಾರು. ನನಗಂತೂ ಅಪ್ಪಟ ವ್ಯಾಪಾರವಾಗಿ ಕಂಡಿತು, ಅದೂ ಪೋಪರಿಗೆ ಹೆಚ್ಚೇನೂ ಗಿಟ್ಟದ ವ್ಯಾಪಾರ.

ಆಲ್ಪ್ಸ್‌ನ ಆಚೆಯಿಂದ ಇಷ್ಟು ಪಾಡುಪಟ್ಟು ತಂದ ಈ ಕಂಬಗಳು ಕಟ್ಟಡದ ಭಾರ ಹೊರುವುದಿಲ್ಲ. ಮೇಲಿನ ಸಾಲಿನ ಕಂಬಗಳ ತಲೆ ಕಮಾನಿನ ಒಳಮೈಗೆ ತಾಗಿದೆ, ಅಷ್ಟೆ. ಗುಮ್ಮಟ ನಿಂತಿರುವುದು ದಪ್ಪನೆಯ ಕಲ್ಲುಗಾರೆಯ ಗೋಡೆ, ಮೂಲೆಗಂಬಗಳ ಮೇಲೆ. ಸಾಕ್ಷಿ ಬೇಕಿದ್ದರೆ ಫ್ರೆಂಚರೇ ಇದ್ದಾರೆ: 1794ರಲ್ಲಿ ಅವರ ಸೈನ್ಯ ಬಂದ ಮೇಲೆ ಕಂಬಗಳನ್ನು ಕಿತ್ತು ಪ್ಯಾರಿಸ್‌ಗೆ ಸಾಗಿಸಿದರು, ಗುಮ್ಮಟ ಕದಲಲಿಲ್ಲ. 1815ರಲ್ಲಿ ಹಲವು ಮರಳಿದವು. ಕೆಲವು ಲೂವ್ರ್‌ನಲ್ಲೇ ಉಳಿದಿವೆ. ರಾವೆನ್ನಾದವರು ಯಾರಲ್ಲಿ ದೂರು ಹೇಳಬೇಕೋ!

ಮೇಲಂತಸ್ತಿನ ಸಿಂಹಾಸನ ನೋಡಲು ಗೈಡ್ ಜೊತೆಗೇ ಹೋಗಬೇಕು. ಚಿನ್ನವಿಲ್ಲ, ಕುಸುರಿಯಿಲ್ಲ, ಕಂಚಿನ ಪಟ್ಟಿಗಳಿಂದ ಬಿಗಿದ ಹಳೆಯ ಅಮೃತಶಿಲೆಯ ಚಪ್ಪಡಿಗಳು. ಜೆರುಸಲೇಮಿನ ಪವಿತ್ರ ಸಮಾಧಿಯ ಚರ್ಚಿನಿಂದ ಬಂದವೆಂಬುದು ಪ್ರತೀತಿ. ಪಕ್ಕದ ಚಪ್ಪಡಿಯ ಮೇಲೆ ಯಾರೋ ಗೀಚಿದ ಆಟದ ಮನೆ ಕಂಡು ನಕ್ಕುಬಿಟ್ಟೆ. ನಮ್ಮ ಸಾಲುಮನೆ ಆಟದ್ದೇ ಗೆರೆಗಳು! 936ರಿಂದ 1531ರವರೆಗೆ ಜರ್ಮನ್ ರಾಜರು ಪಟ್ಟವೇರಿ ಕೂತದ್ದು ಇಲ್ಲೇ.

ಪಕ್ಕದ ಖಜಾನೆಯಲ್ಲಿ ಮೂರನೆಯ ಶತಮಾನದ ರೋಮನ್ ಶವಪೆಟ್ಟಿಗೆಯಿದೆ, ಇಟಲಿಯ ಕರಾರಾ ಅಮೃತಶಿಲೆಯದು. ರೋಮನ್ ಪುರಾಣದ ಪಾತಾಳದೊಡೆಯ ಪ್ರೊಸರ್ಪಿನಾ ದೇವಿಯನ್ನು ರಥದಲ್ಲಿ ಹೊತ್ತೊಯ್ಯುವ ದೃಶ್ಯ. ಕುದುರೆಗಳ ಓಟವನ್ನಂತೂ ಕಲ್ಲಿನಲ್ಲಿ ಹಿಡಿದುಬಿಟ್ಟಿದ್ದಾರೆ. 814ರಲ್ಲಿ ತೀರಿಕೊಂಡ ಶಾರ್ಲಮೇನ್‌ನನ್ನು ಮಲಗಿಸಿದ್ದು ಇದರಲ್ಲೇ ಎನ್ನುತ್ತಾರೆ. ಕ್ರೈಸ್ತ ಚಕ್ರವರ್ತಿಗೆ ಅನ್ಯದೇವತೆಯ ಪೆಟ್ಟಿಗೆ! ಕಲ್ಲು ರೋಮಿನದಾದರೆ ಸಾಕಿತ್ತು, ಕತೆ ಯಾರದಾದರೂ ನಡೆಯುತ್ತಿತ್ತು.