ದೋಷ ಯಾರದು?

ಮನೆಯಲ್ಲಿ ಒಂದು ವಸ್ತು ಕೆಟ್ಟಾಗ ಮೊದಲು ಹುಡುಕಲ್ಪಡುವುದು ಕೆಟ್ಟ ಕಾರಣವಲ್ಲ, ಕೆಡಿಸಿದ ಮನುಷ್ಯ. ನಿಪ್ಪಾಣಿಯ ಒಂದು ಕೂಡುಕುಟುಂಬದಲ್ಲಿ ದೀಪಾವಳಿಯ ರಜೆಯ ಒಂದು ಬೆಳಿಗ್ಗೆ ಆ ಮನುಷ್ಯನು ಐದು ನಿಮಿಷಗಳ ಒಳಗೆ ದೊರೆತನು. ಅವನಿಗೆ ಹನ್ನೊಂದು ವರ್ಷ. ಕೊಲ್ಲಾಪುರದಿಂದ ತಾಯಿಯೊಡನೆ ಹಬ್ಬಕ್ಕೆ ಬಂದಿದ್ದ ಅವನ ಕಿಸೆಯಲ್ಲಿ ಒಂದು ಪೆನ್‌ಡ್ರೈವ್ ಇದ್ದಿತು. ಸಾಕ್ಷ್ಯವಾಗಿ ಅಷ್ಟೇ ಸಾಕಾಯಿತು.

ಕೆಟ್ಟದ್ದು ಗಣಕಯಂತ್ರದ ಒಂದು ಆಟ. ಮೈನ್‌ಕ್ರಾಫ್ಟ್ ಎಂಬ ಈ ಆಟವನ್ನು ಹಿರಿಯ ವಾಚಕರಲ್ಲಿ ಹಲವರು ಮೊಮ್ಮಕ್ಕಳ ಹೆಗಲ ಮೇಲಿಂದ ನೋಡಿರಬಹುದು. ಸ್ವೀಡನ್ನಿನ ಮಾರ್ಕಸ್ ಪೆರ್ಸನ್ 2009ರಲ್ಲಿ ಹೊರತಂದ, 2011ರಲ್ಲಿ ಪೂರ್ಣರೂಪ ಪಡೆದ, 2014ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಕೊಂಡುಕೊಂಡ ಆಟವಿದು. ಚೌಕಾಕಾರದ ಕಲ್ಲು, ಮಣ್ಣು, ಮರಗಳನ್ನು ಒಂದರ ಮೇಲೊಂದಿಟ್ಟು ಬೇಕಾದುದನ್ನು ಕಟ್ಟಬಹುದು. ಆಟದಲ್ಲಿ ಬೇಟೆಯೂ ಇದೆ, ಕಾದಾಟವೂ ಇದೆ. ಆದರೆ ಅವೆರಡನ್ನೂ ಮುಟ್ಟದೆ ಕೇವಲ ಕಟ್ಟುವುದಕ್ಕೆಂದೇ ಒಂದು ಬಗೆಯುಂಟು. ಈ ಮನೆಯ ಹದಿನಾಲ್ಕು ವರ್ಷದ ಹುಡುಗನೂ ಕೊಲ್ಲಾಪುರದ ತಮ್ಮನೂ ಆ ಬಗೆಯಲ್ಲಿ ಎರಡು ವರ್ಷಗಳಿಂದ ಒಂದು ಬಸದಿಯನ್ನು ಕಟ್ಟುತ್ತಿದ್ದರು. ನಿಪ್ಪಾಣಿಯಿಂದ ಬೆಳಗಾವಿಯ ಕಡೆ ಹೆದ್ದಾರಿಯಲ್ಲಿ ಸಾಗಿದರೆ ಸಿಗುವ ಸ್ತವನಿಧಿಯ ಪಾರ್ಶ್ವನಾಥ ಬಸದಿಗೆ ಹೋದಾಗಲೆಲ್ಲ ಹಿರಿಯವನು ಮೆಟ್ಟಿಲುಗಳನ್ನು ಎಣಿಸುವನು. ರಜೆಯಲ್ಲಿ ಕಿರಿಯವನು ಬಂದಾಗ ಇಬ್ಬರೂ ಕೂಡಿ ಅವನ್ನು ಪರದೆಯ ಮೇಲೆ ಏರಿಸುವರು.

ಮೂಲ ಆಟದಲ್ಲಿ ಕೆತ್ತನೆಯ ಕಂಬಗಳಿಲ್ಲ. ಅಂಥವುಗಳಿಗಾಗಿ ಹೊರಗಿನ ಉತ್ಸಾಹಿಗಳು ಸಿದ್ಧಪಡಿಸಿದ ಮಾರ್ಪಾಟುಗಳನ್ನು ಸೇರಿಸಿಕೊಳ್ಳಬೇಕಾಗುತ್ತದೆ. ಅವುಗಳಿಗೆ ಮಕ್ಕಳ ಬಾಯಲ್ಲಿ ‘ಮಾಡ್’ ಎಂದು ಹೆಸರು. ಹುಡುಗನ ಫೋಲ್ಡರಿನಲ್ಲಿ ಇಂಥವು ಮೊದಲೇ ನಲವತ್ತೆರಡು ಇದ್ದವು. ಕಿರಿಯವನು ತಂದ ಕಂಬಗಳ ಮಾಡ್ ಸೇರಿ ನಲವತ್ಮೂರಾದವು. ಹಿಂದಿನ ದಿನವೆಲ್ಲ ಆಟ ಸರಿಯಾಗಿಯೇ ನಡೆದು ಹನ್ನೆರಡು ಕಂಬಗಳು ನಿಂತವು. ಬೆಳಿಗ್ಗೆ ಆಟವನ್ನು ತೆರೆದರೆ ಪರದೆ ಒಮ್ಮೆ ಕಪ್ಪಾಗಿ ಮುಚ್ಚಿಕೊಂಡಿತು. ಎರಡನೆಯ ಸಲವೂ ಹಾಗೆಯೇ ಆಯಿತು.

“ಇವನs ಕೆಡಿಸ್ಯಾನ! ಪೆನ್‌ಡ್ರೈವ್‌ನಾಗ ವೈರಸ್ ತಂದಾನ” ಎಂದು ಹಿರಿಯವನು ಕೂಗಿದನು. ಕಿರಿಯವನು ಅತ್ತನು. ಅಡುಗೆಮನೆಯಿಂದ ಬಂದ ಹುಡುಗನ ತಾಯಿ, “ಇನ್ನ ಮ್ಯಾಲ ಅದನ್ನ ತರಬ್ಯಾಡಪ್ಪಾ” ಎಂದರು. ಮಾತು ಮೆದುವಾಗಿಯೇ ಇದ್ದಿತು. ಆದರೆ ಅದನ್ನು ಕೇಳಿದ ಕಾಕು, ಸಂಜೆ ಹೊರಡಬೇಕಾಗಿದ್ದವರು, ಹನ್ನೊಂದರ ಬಸ್ಸಿಗೇ ಚೀಲ ಕಟ್ಟಿದರು. ಹಬ್ಬದ ಫರಾಳದ ಡಬ್ಬಿ ಕಟ್ಟೆಯ ಮೇಲೆಯೇ ಉಳಿಯಿತು.

ನ್ಯಾಯವಾಗಿ ಹೇಳುವುದಾದರೆ ಹುಡುಗನ ಸಂಶಯ ತೀರ ನಿರಾಧಾರವಾದುದಲ್ಲ. 2023ರ ಜೂನ್ ತಿಂಗಳಲ್ಲಿ ಈ ಆಟದ ಮಾಡ್‌ಗಳನ್ನು ಹಂಚುವ ಹೆಸರಾಂತ ತಾಣಗಳಲ್ಲಿಯೇ ಕೆಲವು ರಚನೆಕಾರರ ಖಾತೆಗಳನ್ನು ಕಳ್ಳರು ವಶಪಡಿಸಿಕೊಂಡು, ಗುಪ್ತಪದಗಳನ್ನು ಕದಿಯುವ ಕ್ರಮವಿಧಿಯನ್ನು ಫೈಲುಗಳಲ್ಲಿ ಸೇರಿಸಿದ್ದರು. ಇನ್ನು ಒಬ್ಬರ ರಚನೆಯನ್ನು ಅವರ ಅನುಮತಿಯಿಲ್ಲದೆ ತಂದಿಟ್ಟು ಜಾಹೀರಾತಿನ ಹಣ ಗಳಿಸುವ ತಾಣಗಳೂ ಉಂಟು. ಕೊಡದುದನ್ನು ತೆಗೆದುಕೊಳ್ಳಬಾರದೆಂಬ ವ್ರತವನ್ನು ಬಲ್ಲ ಮನೆಗಳಲ್ಲಿ ಮಕ್ಕಳಿಗೆ ಈ ಮಾತನ್ನು ಬಿಡಿಸಿ ಹೇಳುವವರು ವಿರಳ. ಆದರೆ ಸಂಶಯ ಬೇರೆ, ತೀರ್ಪು ಬೇರೆ. ಹುಡುಗನು ತೀರ್ಪನ್ನೇ ಕೊಟ್ಟುಬಿಟ್ಟಿದ್ದನು.

ಬಸ್ಸು ಹೋದ ಮೇಲೆ ಅಜ್ಜನು ಅವನನ್ನು ಕರೆದನು. ಸಹಕಾರಿ ಸಕ್ಕರೆ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು ಆತ. ಗಣಕಯಂತ್ರವನ್ನು ಮುಟ್ಟಿದವನಲ್ಲ.

“ಮುಚ್ಚುವಾಗ ಏನಂತು ಅದು?”

“ಎಕ್ಸಿಟ್ ಕೋಡ್ ಒಂದು ಅಂತ ಬರ್ತೈತಿ ಅಜ್ಜಾ. ಸೊನ್ನಿ ಬಂದ್ರ ಎಲ್ಲಾ ಬರೋಬರಿ ಅಂತ ಅರ್ಥ.”

“ನಮ್ಮ ತಾಳೆಪಟ್ಟಿನಾಗೂ ಹಂಗs. ಫರಕು ಸೊನ್ನಿ ಬರಬೇಕು. ಬರಲಿಲ್ಲಂದ್ರ ಮೊದಲ ಕೀರ್ದಿ ನೋಡ್ತಿದ್ವಿ, ಗುಮಾಸ್ತನ ಮುಖಾ ಅಲ್ಲ.”

ಕೀರ್ದಿಯೇನೋ ಇದ್ದಿತು. ಆಟ ಕುಸಿದಾಗಲೆಲ್ಲ ಅದರ ಫೋಲ್ಡರಿನಲ್ಲಿ ‘ಕ್ರ್ಯಾಶ್ ರಿಪೋರ್ಟ್ಸ್’ ಎಂಬೆಡೆ ದಿನಾಂಕ ಮತ್ತು ವೇಳೆಯೊಡನೆ ಒಂದು ವರದಿ ಬರೆಯಲ್ಪಡುತ್ತದೆ. ಹುಡುಗನು ಅದನ್ನು ಅದುವರೆಗೆ ತೆರೆದಿರಲಿಲ್ಲ. ವರದಿಯ ಆರಂಭದಲ್ಲಿ, ಶೀರ್ಷಿಕೆಯ ಕೆಳಗೆ, ಆಟವನ್ನು ರಚಿಸಿದವರ ಒಂದು ಹಾಸ್ಯದ ಮಾತು ಇರುತ್ತದೆ. ಒಂದೊಂದು ಸಲ ಒಂದೊಂದು. ಆ ದಿನ ಬಂದುದು ‘ತಪ್ಪು ನನ್ನದೇ’ ಎಂಬ ಅರ್ಥದ ಎರಡು ಇಂಗ್ಲಿಷ್ ಪದಗಳು. ಅಜ್ಜನು ನಕ್ಕನು, ಹುಡುಗನಿಗೆ ನಗೆ ಬರಲಿಲ್ಲ. ಕೆಳಗೆ, ಆಟ ಆರಂಭವಾಗುತ್ತಿರುವಾಗಲೇ ಬಿದ್ದಿತೆಂಬ ವಿವರಣೆ, ಬಳಿಕ ಯಾವ ಕ್ರಮವಿಧಿ ಯಾವುದನ್ನು ಕರೆಯಿತೆಂಬ ಉದ್ದನೆಯ ವಂಶಾವಳಿ, ಕೊನೆಗೆ ಯಂತ್ರದ ವಿವರಗಳು. ಆ ವಿವರಗಳಲ್ಲಿ, ಈ ಆಟವನ್ನು ಯಾರಾದರೂ ಮಾರ್ಪಡಿಸಿರುವರೇ ಎಂಬ ಪ್ರಶ್ನೆಗೆ ಯಂತ್ರವೇ ಕೊಡುವ ಉತ್ತರವೊಂದಿದೆ. ಆಟದ ಗುರುತು ಬದಲಾಗಿದ್ದರೆ ‘ನಿಶ್ಚಯವಾಗಿ’ ಎನ್ನುತ್ತದೆ. ಮೊಹರು ಮಾತ್ರ ಒಡೆದಿದ್ದರೆ ‘ಬಹಳ ಮಟ್ಟಿಗೆ ಸಂಭವ’ ಎನ್ನುತ್ತದೆ. ಎಲ್ಲವೂ ಮೂಲದಂತೆಯೇ ಇದ್ದರೂ ‘ಇಲ್ಲ’ ಎನ್ನುವುದಿಲ್ಲ, ‘ಬಹುಶಃ ಇಲ್ಲ’ ಎನ್ನುತ್ತದೆ. ತನಗೆ ಕಂಡಷ್ಟಕ್ಕೇ ಮಾತನ್ನು ಅಳೆದಾಡುವ ಈ ಪರಿಯನ್ನು ಸ್ಯಾದ್ವಾದವೆಂದು ಕೊಂಡಾಡಬೇಕಾಗಿಲ್ಲ. ‘ಸ್ಯಾತ್’ ಎಂದರೆ ‘ಬಹುಶಃ’ ಅಲ್ಲ, ‘ಒಂದು ಅಪೇಕ್ಷೆಯಿಂದ’ ಎಂಬುದನ್ನು ಬಲ್ಲವರು ಬಲ್ಲರು. ಆದರೂ ಬೆಳಗಿನ ಕೂಗಾಟದಲ್ಲಿ ಇಷ್ಟು ಅಳತೆ ಯಾರ ಮಾತಿನಲ್ಲಿಯೂ ಇರಲಿಲ್ಲ.

ವಂಶಾವಳಿಯ ನಡುವೆ ಕಂಬಗಳ ಮಾಡ್‌ನ ಹೆಸರು ಕಾಣಿಸಿತು. “ನೋಡಜ್ಜಾ, ನಾ ಹೇಳಿದ್ದು ಖರೇ ಆತು” ಎಂದು ಹುಡುಗನು ಬೆರಳಿಟ್ಟು ತೋರಿಸಿದನು. ಹಾಗಾದರೆ ಅದನ್ನು ತೆಗೆದು ನೋಡೆಂದು ಅಜ್ಜನೆಂದನು. ಅದಕ್ಕೂ ಮೊದಲು ಒಂದು ಕೆಲಸ ಮಾಡಿಸಿದನು. ಬಸದಿಯನ್ನು ಉಳಿಸಿಟ್ಟ ಫೋಲ್ಡರನ್ನು ಇದ್ದ ಹಾಗೆಯೇ ಬೇರೆಡೆ ನಕಲು ಮಾಡಿಸಿದನು. ಮೂಲ ವಹಿಯ ಮೇಲೆ ತಿದ್ದುಪಡಿಯ ಪ್ರಯೋಗ ಮಾಡಬಾರದೆಂಬುದು ಅವನ ಕಚೇರಿಯ ಅಭ್ಯಾಸ. ಈ ಅಭ್ಯಾಸ ಇಲ್ಲಿ ಎಷ್ಟು ಉಪಯುಕ್ತವೆಂಬುದು ಅವನಿಗೇ ತಿಳಿದಿರಲಿಲ್ಲ: ಕಂಬಗಳ ಮಾಡ್ ಇಲ್ಲದೆ ಆ ಲೋಕವನ್ನು ತೆರೆದಿದ್ದರೆ, ಆಟವು ತನಗೆ ಗುರುತು ಸಿಗದ ಹನ್ನೆರಡು ಕಂಬಗಳನ್ನೂ ಬರಿಯ ಗಾಳಿಯೆಂದು ಬಗೆದು ಅಳಿಸಿಬಿಡುತ್ತಿತ್ತು. ಆದುದರಿಂದ ಪರೀಕ್ಷೆಯಲ್ಲಿ ಆಟದ ಮುಖಪುಟ ಬಂದರೆ ಸಾಕು, ಒಳಗೆ ಕಾಲಿಡಬಾರದೆಂದು ಹುಡುಗನೇ ನಿಯಮ ಮಾಡಿಕೊಂಡನು.

ಕಂಬಗಳ ಮಾಡ್ ಹೊರಗೆ ಹೋಯಿತು. ಆಟ ಮತ್ತೆ ಬಿದ್ದಿತು. ಹೊಸ ವರದಿಯಲ್ಲಿ ಅದೇ ಜಾಗದಲ್ಲಿ ಬೇರೊಂದು ಮಾಡ್‌ನ ಹೆಸರು ಕುಳಿತಿದ್ದಿತು. ವರದಿಯಲ್ಲಿ ಹೆಸರು ಕಾಣುವವನು ಮನೆ ಕುಸಿದಾಗ ಒಳಗಿದ್ದವನು ಮಾತ್ರ; ಅಡಿಪಾಯ ಕಿತ್ತವನೇ ಆಗಿರಬೇಕೆಂದಿಲ್ಲ. ಹುಡುಗನ ಬೆರಳು ಪರದೆಯಿಂದ ಕೆಳಗಿಳಿಯಿತು.

ಮುಂದಿನ ದಾರಿ ಅಜ್ಜನದು. ತಾಳೆಪಟ್ಟಿಯ ವ್ಯತ್ಯಾಸ ಒಂಬತ್ತರಿಂದ ಭಾಗಿಸಲ್ಪಟ್ಟರೆ ಯಾರೋ ಅಂಕಿಗಳನ್ನು ಅದಲುಬದಲು ಬರೆದಿದ್ದಾರೆಂದು ಹಳೆಯ ಲೆಕ್ಕಿಗರು ಊಹಿಸುತ್ತಿದ್ದರು. 540ನ್ನು 450 ಎಂದು ಬರೆದರೆ 90 ತಪ್ಪುತ್ತದೆ. ಅಂಥ ಸುಳಿವು ಸಿಗದಾಗ ಖಾತೆಗಳನ್ನು ಅರ್ಧರ್ಧ ಪಾಲುಮಾಡಿ ಯಾವ ಪಾಲಿನಲ್ಲಿ ದೋಷವಿದೆಯೆಂದು ನೋಡುವುದು ರೂಢಿ. ಅರವತ್ನಾಲ್ಕು ಖಾತೆಗಳಲ್ಲಿ ಒಂದು ತಪ್ಪಿದ್ದರೆ ಆರೇ ಪಾಲಿನಲ್ಲಿ ಸಿಕ್ಕಿಬೀಳುತ್ತದೆ. ಒಂದೊಂದನ್ನೇ ತೆಗೆದು ನೋಡುವವನಿಗೆ ಅರವತ್ಮೂರು ಸಲವೂ ಬೇಕಾಗಬಹುದು. ನಲವತ್ತೆರಡರಲ್ಲಿ ನಾಲ್ಕು ಫೈಲುಗಳು ಉಳಿದವುಗಳಿಗೆ ಆಧಾರವಾದವು. ಅವು ಇಲ್ಲದಿದ್ದರೆ ಬೇರೆಯೇ ಕಾರಣಕ್ಕೆ ಆಟ ನಿಲ್ಲುವುದರಿಂದ ಅವನ್ನು ಅಲ್ಲಿಯೇ ಬಿಟ್ಟರು. ಉಳಿದ ಮೂವತ್ತೆಂಟನ್ನು ಹತ್ತೊಂಬತ್ತರಂತೆ ಎರಡು ಮಾಡಿದರು.

ಮೊದಲ ಪಾಲಿನೊಡನೆ ಆಟ ತೆರೆಯಿತು. ಹಾಗಾದರೆ ದೋಷ ಎರಡನೆಯ ಪಾಲಿನಲ್ಲಿರಲೇಬೇಕೆಂದು ಹುಡುಗನು ಅದನ್ನಿಟ್ಟು ನೋಡಿದನು. ಆಗಲೂ ತೆರೆಯಿತು!

ಹುಡುಗನು ಬೆಪ್ಪಾದನು. ಎರಡೂ ಪಾಲುಗಳು ನಿರ್ದೋಷಿಗಳು, ಕೂಡಿಸಿದರೆ ದೋಷ. ಅಜ್ಜನು ಬಹಳ ಹೊತ್ತು ಸುಮ್ಮನೆ ಕುಳಿತು ಅಡಿಕೆ ಕತ್ತರಿಸುತ್ತಿದ್ದನು. ಕಾರ್ಖಾನೆಯಲ್ಲಿ ತಪ್ಪು ಯಾವಾಗಲೂ ಒಂದು ಸಾಲಿನಲ್ಲಿ ಇರುತ್ತಿತ್ತು. ಎರಡು ಸಾಲುಗಳ ನಡುವೆ ಇದ್ದುದನ್ನು ಆತ ಕಂಡಿರಲಿಲ್ಲ. ಕೊನೆಗೆ, “ಗಂಡಾ ಹೆಂಡತಿ ಇಬ್ಬರೂ ಚಲೋ ಮಂದಿ, ಮನ್ಯಾಗ ಮಾತ್ರ ಜಗಳ” ಎಂದನು. ಒಂದು ಪಾಲನ್ನು ಪೂರ್ತಿ ಒಳಗಿಟ್ಟು, ಇನ್ನೊಂದನ್ನು ಅರ್ಧರ್ಧವಾಗಿ ಸೇರಿಸುತ್ತ ಹೋಗಬೇಕೆಂದು ಹುಡುಗನಿಗೆ ಹೊಳೆಯಿತು. ಐದನೆಯ ಸಲಕ್ಕೆ ಆ ಪಾಲಿನಿಂದ ಒಂದು ಫೈಲು ಉಳಿಯಿತು. ಅದನ್ನು ಒಳಗಿಟ್ಟು ಮೊದಲ ಪಾಲನ್ನು ಅದೇ ರೀತಿ ಸೀಳಿದನು. ಹಳೆಯ ಯಂತ್ರ, ಒಂದೊಂದು ಸಲ ಎದ್ದು ಬೀಳುವುದಕ್ಕೆ ಮೂರು ಮೂರು ನಿಮಿಷ. ಮಧ್ಯಾಹ್ನದ ಊಟಕ್ಕೆ ಎರಡು ಸಲ ಕರೆ ಬಂದು ಹೋಯಿತು.

ಉಳಿದವು ಎರಡು. ಒಂದು, ಚಿತ್ರವನ್ನು ವೇಗವಾಗಿ ಬಿಡಿಸುವ ಮಾಡ್. ಇನ್ನೊಂದು, ಬೆಳಕು ನೆರಳುಗಳನ್ನು ಚೆಂದಗಾಣಿಸುವುದು. ಎರಡನೆಯದು ಮೊದಲಿನದರ ಒಂದು ನಿರ್ದಿಷ್ಟ ಆವೃತ್ತಿಗೆ ಹೊಂದುವಂತೆ ಹೆಣೆಯಲ್ಪಟ್ಟುದು. ಕೆಲವು ಮಾಡ್‌ಗಳು ತಮಗೆ ಯಾವ ಸಂಗಾತಿ ಬೇಕೆಂಬುದನ್ನು ಮೊದಲೇ ಸಾರಿರುತ್ತವೆ. ಆಗ ಆಟ ಬೀಳುವುದಕ್ಕೆ ಮುನ್ನವೇ, ಹೊಂದದ ಹೆಸರುಗಳನ್ನು ಹೇಳುವ ಕಿಟಕಿಯೊಂದು ತೆರೆಯುತ್ತದೆ. ಇದು ಸಾರಿರಲಿಲ್ಲ. ‘ಈ ಫೈಲು ಕೆಟ್ಟದ್ದು’ ಎಂಬ ಮಾತು ಇವೆರಡರಲ್ಲಿ ಯಾವುದರ ವಿಷಯದಲ್ಲಿಯೂ ಸತ್ಯವಲ್ಲ. ಒಂದರ ಅಪೇಕ್ಷೆಯಿಂದ ಇನ್ನೊಂದು ಹೊಂದದು ಎಂಬಷ್ಟೇ ಸತ್ಯ.

ಹಿಂದಿನ ದಿನ ಹೊಂದಿದ್ದವು ಇಂದು ಯಾಕೆ ಹೊಂದಲಿಲ್ಲವೆಂದು ಅಜ್ಜನು ಕೇಳಿದನು. ಹುಡುಗನು ಫೈಲಿನ ವೇಳೆಯನ್ನು ತೆರೆದು ನೋಡಿದನು. ಹಿಂದಿನ ರಾತ್ರಿ 11 ಗಂಟೆ 40 ನಿಮಿಷ. ಆ ಹೊತ್ತಿಗೆ ಕೊಲ್ಲಾಪುರದ ತಮ್ಮನು ಅಜ್ಜಿಯ ಮಗ್ಗುಲಲ್ಲಿ ನಿದ್ರಿಸುತ್ತಿದ್ದನು. ಎಲ್ಲರೂ ಮಲಗಿದ ಮೇಲೆ ಹೊಸ ಆವೃತ್ತಿ ಬಂದಿದೆಯೆಂದು ಕಂಡು ಅದನ್ನು ಇಳಿಸಿ, ಹಳೆಯದನ್ನು ಅಳಿಸಿ, ಆಟವನ್ನು ತೆರೆದು ನೋಡದೆ ಯಂತ್ರವನ್ನು ಮುಚ್ಚಿದವನು ಯಾರೆಂಬುದು ಕೋಣೆಯಲ್ಲಿದ್ದ ಇಬ್ಬರಿಗೂ ಗೊತ್ತಾಯಿತು. ಹುಡುಗನು ಸುಳ್ಳುಗಾರನಲ್ಲ. ಬೆಳಿಗ್ಗೆ ಆ ಕೆಲಸ ಅವನ ನೆನಪಿಗೆ ಬಂದಿರಲಿಲ್ಲ, ಅಷ್ಟೇ. ತನ್ನ ಕೈಕೆಲಸ ತನಗೆ ಬದಲಾವಣೆಯೆಂದೇ ತೋರಿರಲಿಲ್ಲ. ಬೇರೊಬ್ಬನ ಕೈ ಮುಟ್ಟಿದ್ದು ಮಾತ್ರ ಬದಲಾವಣೆಯಾಗಿ ತೋರಿದ್ದಿತು.

ಅಳಿಸಿದ ಹಳೆಯ ಫೈಲು ಕಸದ ಬುಟ್ಟಿಯಲ್ಲಿ ಇನ್ನೂ ಇದ್ದಿತು. ಅದನ್ನು ಮರಳಿ ಇಟ್ಟನು; ಮುಖಪುಟ ಬಂದಿತು. ಕಂಬಗಳ ಮಾಡ್ ಸೇರಿಸಿದನು, ಆಗಲೂ ಬಂದಿತು. ನಲವತ್ಮೂರೂ ಕೂಡಿದವು.

“ಹಳೇ ಆವೃತ್ತಿ ನಿಧಾನ ಇತ್ತಜ್ಜಾ, ಅದಕ್ಕs...” ಎಂದು ಹುಡುಗನು ಆರಂಭಿಸಿದನು. ಅಜ್ಜನು ಅಡಿಕೆಯ ತಟ್ಟೆಯನ್ನು ಬದಿಗಿರಿಸಿದನು. “ನನಗ್ಯಾಕ ಹೇಳ್ತಿ?”

ಕೊಲ್ಲಾಪುರಕ್ಕೆ ಫೋನು ಮಾಡಿದಾಗ ಎತ್ತಿದವರು ಕಾಕಾ. “ಜಯ ಜಿನೇಂದ್ರ ಕಾಕಾ” ಎಂದ ಮೇಲೆ ಹುಡುಗನಿಗೆ ಮಾತು ಮುಂದುವರಿಯಲಿಲ್ಲ. ತಮ್ಮನು ಬಂದು ಮೊದಲು ಕೇಳಿದ್ದು, “ದಾದಾ, ಕಂಬಾ ಅದಾವೇನು?” ಎಂದು.

“ಅದಾವ. ಹನ್ನೆರಡೂ ಅದಾವ.” ಬಳಿಕ ಹುಡುಗನು ರಾತ್ರಿ 11 ಗಂಟೆ 40 ನಿಮಿಷದ ವಿಷಯವನ್ನು ಹೇಳಿದನು. ಅತ್ತ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. “ಅವ್ವಗ ಹೇಳು” ಎಂದು ತಮ್ಮನು ಫೋನನ್ನು ತಾಯಿಯ ಕೈಗೆ ಕೊಟ್ಟನು. ಹುಡುಗನು ಎರಡನೆಯ ಸಲ ಹೇಳಿದನು. ಎರಡನೆಯದು ಹೆಚ್ಚು ಕಷ್ಟವಾಯಿತು. ಅಷ್ಟರಲ್ಲಿ ಅವನ ತಾಯಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಫೋನನ್ನು ತಾವೇ ಇಸಿದುಕೊಂಡು ಅಂಗಳಕ್ಕೆ ಹೋದರು. ಸೂರ್ಯಾಸ್ತಕ್ಕೆ ಮೊದಲಿನ ಊಟ ಆ ದಿನ ಅವಸರದಲ್ಲಿ ಆಯಿತು.

ಊಟವಾದ ಮೇಲೆ ಅಜ್ಜನು ಕಪಾಟಿನಿಂದ ಇನ್ನೂರು ಪುಟಗಳ ಒಂದು ನೋಟುಬುಕ್ಕನ್ನು ತೆಗೆದು, ಅಡ್ಡಗೆರೆ ಉದ್ದಗೆರೆ ಎಳೆದು, ನಾಲ್ಕು ಅಂಕಣಗಳನ್ನು ಮಾಡಿದನು: ದಿನಾಂಕ, ವೇಳೆ, ಫೈಲು, ಯಾರಿಂದ. ಹುಡುಗನು ಮೊದಲ ಸಾಲಿನಲ್ಲಿ ಹಿಂದಿನ ದಿನದ ದಿನಾಂಕ ಬರೆದು, 11:40 ಎಂದು ಬರೆದು, ಫೈಲಿನ ಹೆಸರನ್ನು ಬರೆದು, ಕೊನೆಯ ಅಂಕಣದಲ್ಲಿ ತನ್ನ ಹೆಸರನ್ನು ಬರೆದನು.