ಕೊಕ್ಕರೆ ಗಿಡ

ಮಂಡ್ಯದವರಿಗೆ ಪ್ರೀತಿ ಎಂದರೆ ನೀರು. ವಿಶ್ವೇಶ್ವರಯ್ಯ ನಾಲೆಯಿಂದ ಭತ್ತಕ್ಕೂ ಕಬ್ಬಿಗೂ ಹಾಯಿಸಿ ಹಾಯಿಸಿ ಪಳಗಿದ ಕೈ ನಮ್ಮದು. ಅಂಥ ಮನೆಯ ಜಗುಲಿಗೆ ನಾನು ಲಾಲ್‌ಬಾಗಿನ ಜನವರಿ ಫಲಪುಷ್ಪ ಪ್ರದರ್ಶನ ನೋಡಲು ಹೋದಾಗ ಕೊಂಡ ಜರೇನಿಯಂ ಒಂದನ್ನು ತಂದಿಟ್ಟೆ. ಹೂವಿಗಲ್ಲ, ಎಲೆಗೆ: ಅಂಚು ಹಳದಿ, ನಡುವೆ ಹಸಿರು, ಎರಡರ ಮಧ್ಯೆ ಇಟ್ಟಿಗೆ ಕೆಂಪಿನ ಬಳೆ.

ಅವ್ವ ನೋಡಿದವಳೇ, “ಇದೇನ್ಲಾ, ಎಲೆಗೆ ರೋಗ ಬಡ್ದದೆ! ಒಸಿ ನೀರ್ ಬುಡು” ಅಂದಳು. ನಾನು ಬಿಡಲಿಲ್ಲ. ನಾನಿಲ್ಲದಾಗ ಅವಳೇ ಬಿಟ್ಟಳು, ದಿನಕ್ಕೊಂದು ಚೊಂಬು. ಮೂರು ವಾರಕ್ಕೆ ಬುಡ ಕರ್ರಗಾಗಿ ಮೆತ್ತಗೆ ಕೊಳೆಯಿತು.

ಇದರ ತವರು ದಕ್ಷಿಣ ಆಫ್ರಿಕಾ. ದಪ್ಪ ಕಾಂಡದಲ್ಲೇ ನೀರು ಕೂಡಿಟ್ಟುಕೊಂಡು ಬದುಕುವ ಜಾತಿ. ಇಂಗ್ಲೆಂಡಿನವರು ಇದನ್ನು ನಾಜೂಕು ಅನ್ನುವುದು ಹಿಮಕ್ಕೆ ಹೆದರಿ. ನಮ್ಮಲ್ಲಿ ಮಾಗಿಯೇ ಇದಕ್ಕೆ ಸುಗ್ಗಿ. ಕಾಟವೆಲ್ಲ ಏಪ್ರಿಲ್ ಬಿಸಿಲಿನದು, ಆಮೇಲೆ ಜಡಿಮಳೆಯದು. ಎಲೆಯಲ್ಲಿ ಹಸಿರು ಕಡಿಮೆಯಾದಷ್ಟೂ ಗಿಡಕ್ಕೆ ಊಟ ಕಡಿಮೆ, ಬೆಳವಣಿಗೆ ನಿಧಾನ. ನಡುಮಧ್ಯಾಹ್ನದ ಬಿಸಿಲಿಗೆ ಅಂಚು ಸುಡುತ್ತದೆ, ಪೂರಾ ನೆರಳಿಗೆ ಬಣ್ಣ ಮಾಸುತ್ತದೆ. ಬೆಳಗಿನ ಬಿಸಿಲು ಬೀಳುವ ಸೂರಿನಡಿ, ಧಾರಾಳ ಮರಳು ಬೆರೆಸಿದ ಮಣ್ಣು, ಬೆರಳು ಚುಚ್ಚಿ ಒಣಗಿದ್ದರಷ್ಟೇ ನೀರು. ಹೆಚ್ಚಿನ ಉಪಚಾರ ಬೇಡ.

ಕೊಳೆಯದೆ ಉಳಿದ ಮೂರು ತುದಿಗಳನ್ನು ಗಿಣ್ಣಿನ ಕೆಳಗೆ ಕತ್ತರಿಸಿ, ಗಾಯ ಆರಲು ಒಂದು ದಿನ ಬಿಟ್ಟು, ಮರಳಿಗೆ ನೆಟ್ಟೆ. ಗಿಣ್ಣಿನ ಲೆಕ್ಕ ಕಬ್ಬಿನ ಮನೆಯ ಅವ್ವನಿಗೆ ಹೇಳಿಕೊಡಬೇಕಿರಲಿಲ್ಲ.

ಚಿಗುರಿ, ಹೂಬಿಟ್ಟು, ಒಂದರಲ್ಲಿ ಕಾಯಿಯೂ ನಿಂತಿತು: ಉದ್ದ ಮೂತಿಯ ಕಾಯಿ. ಅವ್ವನ ತವರು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಕಡೆ; ಊರೊಳಗಿನ ಹುಣಸೆ ಮರಗಳಲ್ಲೇ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಗೂಡು ಕಟ್ಟುವ, ಅವುಗಳ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುವ ಊರು. ಈ ಗಿಡದ ಖರೆ ಹೆಸರು ಪೆಲಾರ್ಗೋನಿಯಂ. ಗ್ರೀಕಿನ ‘ಪೆಲಾರ್ಗೋಸ್’ ಎಂದರೆ ಕೊಕ್ಕರೆಯೇ. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಜರೇನಿಯಂ ಗುಂಪಿಗೆ ಸೇರಿಸಿದ್ದನ್ನು 1789ರಲ್ಲಿ ಫ್ರಾನ್ಸಿನ ಲೆರಿಟಿಯೆ ಬೇರೆ ಮಾಡಿದ. ನಮ್ಮ ನರ್ಸರಿಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಇದನ್ನೆಲ್ಲ ಹೇಳಿ ಕಾಯಿ ತೋರಿಸಿದೆ. ಅವ್ವ ಕಣ್ಣರಳಿಸಿದಳು. “ಊಂ ಕಣ್ಲಾ, ಅದೇ ಕೊಕ್ಕು! ಅಲ್ಲ, ಕೊಕ್ಕರೆ ನೀರಲ್ಲೇ ಅಲ್ವಾ ನಿಂತಿರೋದು?” ಅಂದು ಚೊಂಬು ಎತ್ತಿಕೊಂಡಳು.

ಮೂರರಲ್ಲಿ ಎರಡು ಉಳಿದಿವೆ. ಅವ್ವನ ಕೈಗೆ ಎಟುಕದ ಕಿಟಕಿಗೆ ಏರಿಸಿಟ್ಟಿದ್ದೇನೆ.